ನೀಲಿ ಹಲ್ಲಿನ ದೊರೆ: ಬ್ಲೂಟೂತ್‌ಗೆ ಹೆಸರು ಕೊಟ್ಟ ಹರಾಲ್ಡನ ಕಥೆ

ಮೊಬೈಲ್ ಫೋನಿನ ಪರದೆಯಲ್ಲಿ ಚೂಪು ಕೋನಗಳಿರುವ ಪುಟ್ಟ ಚಿಹ್ನೆಯೊಂದಿದೆ. ಇಂಗ್ಲಿಷಿನ ಬಿ ಅಕ್ಷರದ ಬೆನ್ನಿಗೆ ಎರಡು ಕಡ್ಡಿಗಳನ್ನು ಸಿಕ್ಕಿಸಿದಂತೆ ಕಾಣುವ ಆ ಚಿಹ್ನೆಯನ್ನು ಮುಟ್ಟಿದರೆ ಕಿವಿಯಲ್ಲಿರುವ ಇಯರ್‌ಫೋನು, ಕಾರಿನ ಸ್ಪೀಕರು, ಮಣಿಕಟ್ಟಿನ ಗಡಿಯಾರ ಇವೆಲ್ಲ ತಂತಿಯ ಹಂಗಿಲ್ಲದೆ ಫೋನಿನೊಡನೆ ಸಂಪರ್ಕ ಸಾಧಿಸುತ್ತವೆ. ಈ ವ್ಯವಸ್ಥೆಯ ಹೆಸರು ಬ್ಲೂಟೂತ್. ದಿನಕ್ಕೆ ಹತ್ತು ಬಾರಿ ಈ ಪದವನ್ನು ಆಡುವವರೂ ಅದರ ಅರ್ಥವೇನೆಂದು ಯೋಚಿಸುವುದು ಅಪರೂಪ. ಅಕ್ಷರಶಃ ಅದರ ಅರ್ಥ ನೀಲಿ ಹಲ್ಲು.

ರೇಡಿಯೋ ತರಂಗಕ್ಕೂ ಹಲ್ಲಿಗೂ ಯಾವ ನಂಟು? ಉತ್ತರಕ್ಕಾಗಿ ಸಾವಿರಕ್ಕೂ ಹೆಚ್ಚು ವರ್ಷಗಳಷ್ಟು ಹಿಂದಕ್ಕೆ, ಉತ್ತರ ಯೂರೋಪಿನ ಡೆನ್ಮಾರ್ಕಿಗೆ ಹೋಗಬೇಕಾಗುತ್ತದೆ. ಹತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದ ಹರಾಲ್ಡ್ ಗೋರ್ಮ್‌ಸನ್ ಎಂಬ ದೊರೆಯ ಅಡ್ಡಹೆಸರು ಇದು. ಇಡೀ ನಾಡನ್ನು ಗೆದ್ದು ತನ್ನದಾಗಿಸಿಕೊಂಡೆನೆಂದು ಆತ ಬಂಡೆಯ ಮೇಲೆ ಕೆತ್ತಿಸಿದ. ಚದುರಿದ್ದುದನ್ನು ಕೂಡಿಸಿದವನೆಂಬ ಆ ಕೀರ್ತಿಯನ್ನು ನೆನೆದೇ ನಮ್ಮ ಕಾಲದ ತಂತ್ರಜ್ಞರು ಅವನ ಹೆಸರನ್ನು ಎರವಲು ಪಡೆದರು. ಆದರೆ ನಾಡನ್ನು ಒಂದುಗೂಡಿಸಿದ ಆ ದೊರೆಗೆ ತನ್ನ ಮನೆಯನ್ನು ಒಂದಾಗಿ ಉಳಿಸಿಕೊಳ್ಳುವುದು ಸಾಧ್ಯವಾಗಲಿಲ್ಲ. ಸ್ವಂತ ಮಗನ ಸೈನ್ಯಕ್ಕೆ ಸೋತು, ಗಾಯಗೊಂಡು, ಪರನಾಡಿನಲ್ಲಿ ಪ್ರಾಣ ಬಿಟ್ಟವನು ಆತ.

ಯೆಲ್ಲಿಂಗ್‌ನ ಅರಮನೆ

ಹರಾಲ್ಡ್ ಹುಟ್ಟಿದ ವರ್ಷ ಯಾವ ದಾಖಲೆಯಲ್ಲಿಯೂ ಇಲ್ಲ. ತಂದೆ ಗೋರ್ಮ್, ಇತಿಹಾಸದಲ್ಲಿ ವೃದ್ಧ ಗೋರ್ಮ್ ಎಂದೇ ಪ್ರಸಿದ್ಧನಾದವನು, ತಾಯಿ ಥೈರಾ. ಜಟ್ಲೆಂಡ್ ಪರ್ಯಾಯದ್ವೀಪದ ಯೆಲ್ಲಿಂಗ್ ಎಂಬ ಊರು ಈ ಮನೆತನದ ನೆಲೆ. ಮಡದಿಯ ನೆನಪಿಗಾಗಿ ಗೋರ್ಮ್ ಅಲ್ಲೊಂದು ಕಲ್ಲನ್ನು ನಿಲ್ಲಿಸಿ, ಆ ಕಾಲದ ರೂನ್ ಲಿಪಿಯಲ್ಲಿ ಬರೆಸಿದ. ಡೆನ್ಮಾರ್ಕ್ ಎಂಬ ಹೆಸರು ಆ ದೇಶದ ನೆಲದಲ್ಲಿಯೇ ಮೊದಲು ಕಾಣಿಸಿಕೊಳ್ಳುವುದು ಈ ಪುಟ್ಟ ಶಾಸನದಲ್ಲಿ. ಒಂದು ದೇಶದ ಹೆಸರು ಅದರ ರಾಣಿಯ ಸ್ಮಾರಕದಲ್ಲಿ ಮೊದಲು ಮೂಡಿತೆಂಬುದು ಸಣ್ಣ ಸಂಗತಿಯೇನಲ್ಲ.

ಆ ಕಾಲದ ಡೇನರು ಗ್ರಂಥ ಬರೆದವರಲ್ಲ. ಹರಾಲ್ಡನ ಬಗ್ಗೆ ಇಂದು ತಿಳಿದಿರುವುದಕ್ಕೆ ಆಧಾರಗಳು ಮೂರು ಬಗೆಯವು: ಕೆಲವೇ ಕೆಲವು ರೂನ್ ಶಾಸನಗಳು, ನೆರೆಯ ಜರ್ಮನ್ ಪಾದ್ರಿಗಳು ಲ್ಯಾಟಿನ್ನಿನಲ್ಲಿ ಬರೆದ ವೃತ್ತಾಂತಗಳು ಮತ್ತು ಮಣ್ಣಿನಡಿ ಉಳಿದಿರುವ ಮರದ ದಿಮ್ಮಿಗಳು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಅದನ್ನು ಕಡಿದ ವರ್ಷವನ್ನು ನಿರ್ಧರಿಸುವ ವಿದ್ಯೆ ಬೆಳೆದ ಮೇಲೆ, ಮೂಕವಾಗಿದ್ದ ಆ ದಿಮ್ಮಿಗಳೇ ಹರಾಲ್ಡನ ಕಾಲದ ಅತ್ಯಂತ ನಂಬಲರ್ಹ ಸಾಕ್ಷಿಗಳಾದವು. ಯೆಲ್ಲಿಂಗ್‌ನ ಉತ್ತರ ದಿಬ್ಬದೊಳಗಿನ ಸಮಾಧಿಕೋಣೆಯ ಮರಗಳನ್ನು ಕಡಿದದ್ದು 958ರ ಸುಮಾರಿಗೆ. ಗೋರ್ಮ್ ತೀರಿಕೊಂಡದ್ದು ಆಗ ಎಂಬುದು ವಿದ್ವಾಂಸರ ನಿಲುವು. ಹರಾಲ್ಡ್ ಪಟ್ಟಕ್ಕೆ ಬಂದದ್ದೂ ಆಗಲೇ.

ಅವನಿಗೆ ದೊರೆತ ರಾಜ್ಯ ಒಂದು ಅಖಂಡ ಭೂಭಾಗವಲ್ಲ. ಪಶ್ಚಿಮದಲ್ಲಿ ಜಟ್ಲೆಂಡ್, ಪೂರ್ವದಲ್ಲಿ ಫ್ಯೂನ್ ಮತ್ತು ಶೆಲಾಂಡ್ ದ್ವೀಪಗಳು, ಇನ್ನೂ ಪೂರ್ವಕ್ಕೆ ಇಂದು ಸ್ವೀಡನ್ನಿಗೆ ಸೇರಿರುವ ಸ್ಕೋನೆ. ಇವುಗಳ ನಡುವೆ ಕಡಲು; ಒಂದೊಂದು ಕಡೆಯೂ ಹಡಗು, ಆಳುಬಲ, ಅಭಿಮಾನ ಮೂರೂ ಉಳ್ಳ ಪಾಳೆಯಗಾರರು. ಗೋರ್ಮನ ಆಳ್ವಿಕೆ ಜಟ್ಲೆಂಡನ್ನು ದಾಟಿ ಎಷ್ಟು ದೂರ ವ್ಯಾಪಿಸಿತ್ತೆಂಬುದು ಇಂದಿಗೂ ಚರ್ಚೆಯ ವಿಷಯ. ಈ ಚೂರುಗಳನ್ನೆಲ್ಲ ಒಂದೇ ಆಜ್ಞೆಯ ಕೆಳಗೆ ತರುವುದೇ ಹರಾಲ್ಡನ ಬದುಕಿನ ಕೆಲಸವಾಯಿತು.

ಕಾದ ಕಬ್ಬಿಣ ಮತ್ತು ಹೊಸ ಮತ

ದಕ್ಷಿಣದ ಗಡಿಯಾಚೆ ಇದ್ದುದು ಜರ್ಮನ್ ದೊರೆ ಒಂದನೆಯ ಒಟ್ಟೊ. 962ರಲ್ಲಿ ರೋಮಿನಲ್ಲಿ ಚಕ್ರವರ್ತಿಯಾಗಿ ಕಿರೀಟ ಧರಿಸಿದ ಆತ ಯೂರೋಪಿನ ಅತ್ಯಂತ ಬಲಿಷ್ಠ ಅರಸ. ಶ್ಲೆಸ್ವಿಗ್, ರೀಬೆ, ಆರ್ಹುಸ್ ಎಂಬ ಡೇನರ ಪಟ್ಟಣಗಳಿಗೆ 948ರಲ್ಲಿಯೇ ಬಿಷಪ್‌ಗಳ ನೇಮಕವಾಗಿತ್ತು. ಡೇನರು ಓಡಿನ್, ಥೋರ್ ಮೊದಲಾದ ಹಳೆಯ ದೇವತೆಗಳನ್ನು ಪೂಜಿಸುತ್ತಿರುವವರೆಗೆ, ಮತಪ್ರಚಾರದ ಹೆಸರಿನಲ್ಲಿ ಅವರ ಮೇಲೆ ದಂಡೆತ್ತಿ ಬರಲು ಚಕ್ರವರ್ತಿಗೆ ನೆಪವೊಂದು ಸಿದ್ಧವಾಗಿಯೇ ಇತ್ತು.

ಇಂತಹ ಸನ್ನಿವೇಶದಲ್ಲಿ, 965ರ ಆಸುಪಾಸಿನಲ್ಲಿ, ಹರಾಲ್ಡ್ ಕ್ರೈಸ್ತ ಮತವನ್ನು ಸ್ವೀಕರಿಸಿದ. ಅದು ಹೇಗೆಂಬುದಕ್ಕೆ ಸ್ಯಾಕ್ಸನ್ ಸನ್ಯಾಸಿ ವಿಡುಕಿಂಡ್, ಆ ಘಟನೆ ನಡೆದ ಕೆಲವೇ ವರ್ಷಗಳಲ್ಲಿ ಬರೆದಿಟ್ಟ ಕಥೆಯೊಂದಿದೆ. ಔತಣವೊಂದರಲ್ಲಿ ಯಾವ ದೇವರು ಹೆಚ್ಚೆಂಬ ವಾದ ಎದ್ದಿತಂತೆ. ಕ್ರಿಸ್ತನೂ ದೇವರೇ, ಆದರೆ ತಮ್ಮ ದೇವತೆಗಳು ಅವನಿಗಿಂತ ದೊಡ್ಡವರೆಂದು ಡೇನರು ವಾದಿಸಿದರಂತೆ. ಪೊಪ್ಪೊ ಎಂಬ ಪಾದ್ರಿ ಅದನ್ನು ಒಪ್ಪದೆ, ದೊರೆ ಒಡ್ಡಿದ ಪರೀಕ್ಷೆಗೆ ಸಿದ್ಧನಾಗಿ, ಕೆಂಪಗೆ ಕಾದ ಕಬ್ಬಿಣವನ್ನು ಕೈಯಲ್ಲಿ ಹಿಡಿದು ನಡೆದನಂತೆ. ಅಂಗೈ ಸುಡಲಿಲ್ಲವೆಂದು ಕಂಡ ಹರಾಲ್ಡ್ ಕ್ರಿಸ್ತನೊಬ್ಬನನ್ನೇ ಪೂಜಿಸುವಂತೆ ಪ್ರಜೆಗಳಿಗೆ ಆಜ್ಞಾಪಿಸಿದನೆಂದು ಆ ವೃತ್ತಾಂತ ಹೇಳುತ್ತದೆ.

ಪವಾಡವನ್ನು ನಂಬುವುದು, ಬಿಡುವುದು ಓದುಗರಿಗೆ ಬಿಟ್ಟದ್ದು. ರಾಜಕಾರಣದ ದೃಷ್ಟಿಯಿಂದ ಮಾತ್ರ ಈ ಮತಾಂತರ ಹರಾಲ್ಡನಿಗೆ ಬಹುವಾಗಿ ಒದಗಿಬಂತು. ಚಕ್ರವರ್ತಿಯ ಕೈಯಲ್ಲಿದ್ದ ನೆಪವೊಂದು ತಪ್ಪಿತು. ಊರೂರಿನ ಪಾಳೆಯಗಾರನೇ ಬಲಿ ಕೊಡುತ್ತಿದ್ದ ಹಳೆಯ ಆಚರಣೆಗಳ ಜಾಗದಲ್ಲಿ, ದೊರೆಯ ಆಶ್ರಯದಲ್ಲಿ ನಿಂತ ಒಂದೇ ಚರ್ಚು ಬಂತು. ನಾಡನ್ನು ಕೂಡಿಸುವವನಿಗೆ ಇದು ಸೇನೆಗಿಂತ ಕಡಿಮೆ ಬಲವೇನಲ್ಲ. ಮುಂದೆ ಅವನ ಕಾಲದ ಬೆಳ್ಳಿಯ ನಾಣ್ಯಗಳ ಮೇಲೆ ಶಿಲುಬೆಯ ಗುರುತು ಕಾಣಿಸಿಕೊಂಡಿತು.

ಹತ್ತು ಟನ್ನಿನ ಶಾಸನ

ಮತಾಂತರದ ನಂತರ ಹರಾಲ್ಡ್ ಯೆಲ್ಲಿಂಗ್‌ನ ರೂಪವನ್ನೇ ಬದಲಿಸಿದ. ತಂದೆತಾಯಿಯರ ನೆನಪಿಗೆಂದು ಸುಮಾರು ಎರಡೂವರೆ ಮೀಟರ್ ಎತ್ತರದ, ಹತ್ತು ಟನ್ ತೂಕದ ಮೂರು ಮುಖದ ಬಂಡೆಯೊಂದನ್ನು ನಿಲ್ಲಿಸಿದ. ಒಂದು ಮುಖದಲ್ಲಿ ಬರಹ. ಇನ್ನೊಂದರಲ್ಲಿ ಹಾವು ಸುತ್ತಿಕೊಂಡ ಮೃಗ. ಮೂರನೆಯದರಲ್ಲಿ ಬಳ್ಳಿಗಳ ನಡುವೆ ಕೈಚಾಚಿ ನಿಂತ ಕ್ರಿಸ್ತ. ಡೆನ್ಮಾರ್ಕನ್ನೂ ನಾರ್ವೆಯನ್ನೂ ಗೆದ್ದವನು, ಡೇನರನ್ನು ಕ್ರೈಸ್ತರನ್ನಾಗಿಸಿದವನು ತಾನೆಂದು ಆ ಶಾಸನ ಸಾರುತ್ತದೆ. ಹೆತ್ತವರ ಸ್ಮಾರಕವೆಂದು ಆರಂಭವಾಗುವ ಬರಹ ಮಗನ ಬಿರುದಾವಳಿಯಾಗಿ ಮುಗಿಯುತ್ತದೆ. ದೇಶದ ಜನನಪತ್ರವೆಂದು ಡೇನರು ಇಂದು ಗೌರವಿಸುವ ಈ ಕಲ್ಲು, ದಿಬ್ಬಗಳು ಮತ್ತು ಚರ್ಚಿನೊಡನೆ 1994ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯನ್ನು ಸೇರಿತು.

ಉತ್ತರ ದಿಬ್ಬವನ್ನು 1820ರಲ್ಲಿ ಅಗೆದಾಗ ಸಮಾಧಿಕೋಣೆಯಲ್ಲಿ ಗೋರ್ಮನ ದೇಹವಿರಲಿಲ್ಲ. ದಕ್ಷಿಣ ದಿಬ್ಬದಲ್ಲಂತೂ ಸಮಾಧಿಯೇ ಸಿಗಲಿಲ್ಲ. 1970ರ ದಶಕದ ಉತ್ಖನನದಲ್ಲಿ ಚರ್ಚಿನ ನೆಲದಡಿ ಗಂಡಸೊಬ್ಬನ ಮೂಳೆಗಳು ದೊರೆತವು. ಹಳೆಯ ನಂಬಿಕೆಯಲ್ಲೇ ಸತ್ತ ತಂದೆಯನ್ನು ಹರಾಲ್ಡ್ ದಿಬ್ಬದಿಂದ ತೆಗೆಸಿ ಚರ್ಚಿನೊಳಗೆ ಮರಳಿ ಹೂಳಿಸಿರಬೇಕೆಂಬುದು ಹಲವು ವಿದ್ವಾಂಸರ ಊಹೆ. ಅದು ನಿಜವಾಗಿದ್ದಲ್ಲಿ, ಮಗನೊಬ್ಬ ತನ್ನ ಹೊಸ ದೇವರ ಸನ್ನಿಧಿಗೆ ತಂದೆಯನ್ನೂ ಕರೆದೊಯ್ದನೆನ್ನಬೇಕು. ಆ ಮಗನಿಗೆ ತನ್ನ ಮಗನಿಂದ ದೊರೆತದ್ದು ಬೇರೆಯದೇ ಫಲ.

ನಾರ್ವೆಯ ಗೆಲುವು, ದಕ್ಷಿಣದ ಸೋಲು

ಶಾಸನದಲ್ಲಿ ಹೇಳಿಕೊಂಡ ನಾರ್ವೆಯ ಒಡೆತನ ಹರಾಲ್ಡನಿಗೆ ದೊರೆತದ್ದು 970ರ ಸುಮಾರಿಗೆ. ಅಲ್ಲಿನ ದೊರೆ, ಬೂದುನಿಲುವಂಗಿಯ ಹರಾಲ್ಡ್ ಎಂದು ಹೆಸರಾದವನು, ಡೆನ್ಮಾರ್ಕಿನ ಲಿಮ್‌ಫ್ಯೋರ್ಡ್ ಬಳಿ ಹತನಾದ. ಆ ಬಳಿಕ ಹಾಕೋನ್ ಎಂಬ ಸರದಾರ ಹರಾಲ್ಡನ ಮಾಂಡಲಿಕನಾಗಿ ನಾರ್ವೆಯ ಪಶ್ಚಿಮ ಕರಾವಳಿಯನ್ನು ಆಳಿದ. ಈ ವಿಧೇಯತೆ ಬಹುಕಾಲ ಬಾಳಲಿಲ್ಲ. ಬಲವಂತದಿಂದ ದೀಕ್ಷಾಸ್ನಾನ ಮಾಡಿಸಿದ ಮೇಲೆ ಹಾಕೋನ್ ಹಳೆಯ ದೇವತೆಗಳಿಗೇ ಮರಳಿ, ಡೇನರ ಹಿಡಿತವನ್ನು ಕಿತ್ತೊಗೆದನೆಂದು ಐಸ್‌ಲೆಂಡಿನ ಸಾಗಾ ಕಥನಗಳು ಹೇಳುತ್ತವೆ. ಕಲ್ಲಿನ ಮೇಲಿನ ಮಾತು ಉಳಿಯಿತು, ನಾರ್ವೆ ಕೈತಪ್ಪಿತು.

ಒಂದನೆಯ ಒಟ್ಟೊ 973ರಲ್ಲಿ ತೀರಿಕೊಂಡ. ಮರುವರ್ಷವೇ ಅವನ ಮಗ ಎರಡನೆಯ ಒಟ್ಟೊನೊಡನೆ ಯುದ್ಧ ಹೊತ್ತಿತು. ಡೇನರ ದಕ್ಷಿಣ ಗಡಿಯನ್ನು ಕಾಯುತ್ತಿದ್ದ ಡಾನೆವಿರ್ಕ್ ಎಂಬ ಉದ್ದನೆಯ ಮಣ್ಣಿನ ಕೋಟೆಗೋಡೆಯನ್ನು ಜರ್ಮನ್ ಸೇನೆ ದಾಟಿತು. ಗಡಿಭಾಗ ಹರಾಲ್ಡನ ಕೈಬಿಟ್ಟಿತು. ಅದು ಮರಳಿ ದೊರೆತದ್ದು 983ರಲ್ಲಿ, ಚಕ್ರವರ್ತಿ ಇಟಲಿಯ ಯುದ್ಧಗಳಲ್ಲಿ ದಣಿದಿದ್ದಾಗ. ಅದೇ ವರ್ಷ ಪೂರ್ವದ ಸ್ಲಾವ್ ಜನಾಂಗಗಳೂ ಜರ್ಮನ್ನರ ವಿರುದ್ಧ ಎದ್ದವು. ಅವರ ನಾಯಕರಲ್ಲೊಬ್ಬನಾದ ಮಿಸ್ತಿವೊಯ್ ಹರಾಲ್ಡನಿಗೆ ಮಾವ. ಅವನ ಮಗಳು ತೋವೆ ಹರಾಲ್ಡನ ಮಡದಿಯಾಗಿದ್ದಳೆಂಬುದಕ್ಕೆ ಅವಳೇ ತನ್ನ ತಾಯಿಯ ನೆನಪಿಗೆ ನಿಲ್ಲಿಸಿದ ರೂನ್ ಕಲ್ಲು ಸಾಕ್ಷಿ.

ವೃತ್ತದ ಕೋಟೆಗಳು, ಮರದ ಸೇತುವೆ

ಸೋಲಿನಿಂದ ಹರಾಲ್ಡ್ ಕಲಿತ ಪಾಠ ಅವನ ನಿರ್ಮಾಣಗಳಲ್ಲಿ ಕಾಣುತ್ತದೆ. 975ರಿಂದ 980ರವರೆಗಿನ ಅವಧಿಯಲ್ಲಿ ಟ್ರೆಲ್ಲೆಬೋರ್ಗ್, ಫ್ಯೂರ್ಕಾಟ್, ಆಗ್ಗರ್ಸ್‌ಬೋರ್ಗ್, ನೊನ್ನೆಬಾಕ್ಕೆನ್, ಬೋರ್ಗ್‌ರಿಂಗ್ ಎಂಬ ಐದು ಕೋಟೆಗಳು ಡೆನ್ಮಾರ್ಕಿನ ಉದ್ದಗಲಕ್ಕೂ ಎದ್ದವು. ಎಲ್ಲವೂ ದಾರ ಹಿಡಿದು ಬರೆದಂತಹ ವೃತ್ತಗಳು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು; ನಡುವೆ ಅಡ್ಡ ಹಾಯುವ ಎರಡು ಬೀದಿಗಳು; ಒಳಗೆ ಚೌಕಾಕಾರವಾಗಿ ಜೋಡಿಸಿದ ಉದ್ದನೆಯ ಮನೆಗಳು. ಅವುಗಳಲ್ಲಿ ದೊಡ್ಡದಾದ ಆಗ್ಗರ್ಸ್‌ಬೋರ್ಗ್‌ನ ಒಳವ್ಯಾಸವೇ 240 ಮೀಟರ್. ಬೋರ್ಗ್‌ರಿಂಗ್ ಪತ್ತೆಯಾದದ್ದು 2014ರಷ್ಟು ಈಚೆಗೆ. ಐದೂ ಕೋಟೆಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹೊರಗಿನ ಶತ್ರುವನ್ನು ತಡೆಯುವುದರ ಜೊತೆಗೆ ಒಳಗಿನ ಪಾಳೆಯಗಾರರನ್ನು ಹದ್ದುಬಸ್ತಿನಲ್ಲಿಡುವುದೂ ಇವುಗಳ ಉದ್ದೇಶವಾಗಿದ್ದಿರಬೇಕು.

ಅದೇ ಕಾಲಕ್ಕೆ, 980ರ ಸುಮಾರಿಗೆ, ಯೆಲ್ಲಿಂಗ್‌ನ ದಕ್ಷಿಣಕ್ಕೆ ರಾವ್ನಿಂಗ್ ಎಂಬಲ್ಲಿ ಕಣಿವೆಯ ಜೌಗುನೆಲದ ಮೇಲೆ ಸೇತುವೆಯೊಂದು ನಿರ್ಮಾಣವಾಯಿತು. ಉದ್ದ ಸುಮಾರು 760 ಮೀಟರ್, ಅಗಲ ಐದು ಮೀಟರ್. ಸಾವಿರಕ್ಕೂ ಹೆಚ್ಚು ಓಕ್ ಮರದ ಕಂಬಗಳ ಮೇಲೆ ನಿಂತದ್ದು. ಅಷ್ಟು ಮರವನ್ನು ಕಡಿದು, ಹೊತ್ತು, ಕೆಸರಿನಲ್ಲಿ ನೆಟ್ಟವರು ಹರಾಲ್ಡನ ಪ್ರಜೆಗಳು. ಶಾಸನದಲ್ಲಿ ಅವರ ಹೆಸರಿಲ್ಲ. ಕೆಲವೇ ವರ್ಷಗಳ ಬಳಕೆಯ ನಂತರ ಸೇತುವೆ ಪಾಳುಬಿದ್ದಿತು. ದುರಸ್ತಿ ನಡೆದ ಗುರುತಿಲ್ಲ. ಕೋಟೆಗಳೂ ಅಷ್ಟೇ ಬೇಗ ಬರಿದಾದವು. ಕೂಡಿಸುವ ಕೆಲಸಕ್ಕೆ ಪ್ರಜೆಗಳು ತೆತ್ತ ಬೆಲೆ ದೊಡ್ಡದಾಗಿತ್ತು. ದಂಗೆಗೆ ನೆಲ ಹದವಾದದ್ದು ಇದರಿಂದಲೇ ಎಂದು ಭಾವಿಸುವ ಇತಿಹಾಸಕಾರರಿದ್ದಾರೆ.

ಮಗನೇ ಎದುರಾದಾಗ

ದಂಗೆಯ ಮುಂದಾಳು ಹರಾಲ್ಡನ ಮಗ ಸ್ವೆನ್. ಗಡ್ಡವನ್ನು ಕವಲಾಗಿ ಬಿಡುತ್ತಿದ್ದನೆಂದು ಕವಲುಗಡ್ಡದ ಸ್ವೆನ್ ಎಂದೇ ಇತಿಹಾಸ ಅವನನ್ನು ಕರೆಯುತ್ತದೆ. 980ರ ದಶಕದ ಮಧ್ಯದಲ್ಲಿ ತಂದೆ ಮತ್ತು ಮಗನ ಸೇನೆಗಳು ಮುಖಾಮುಖಿಯಾದವು. ಗಾಯಗೊಂಡ ಹರಾಲ್ಡ್ ಹಡಗೇರಿ ಬಾಲ್ಟಿಕ್ ಕಡಲಿನ ದಕ್ಷಿಣ ದಡದ ಸ್ಲಾವ್ ಪಟ್ಟಣವೊಂದರಲ್ಲಿ ಆಶ್ರಯ ಪಡೆದು, ಅಲ್ಲಿಯೇ ಕೊನೆಯುಸಿರೆಳೆದ. ಆ ವರ್ಷ 985 ಎಂದು ಕೆಲವರು, 986 ಅಥವಾ 987 ಎಂದು ಇನ್ನು ಕೆಲವರು ಹೇಳುತ್ತಾರೆ.

ಈ ಜಗಳದ ಕಥೆ ಎರಡು ಬಗೆಯಲ್ಲಿ ಉಳಿದಿದೆ. ಸುಮಾರು ತೊಂಬತ್ತು ವರ್ಷಗಳ ನಂತರ ಬರೆದ ಬ್ರೆಮೆನ್ನಿನ ಪಾದ್ರಿ ಆಡಂ, ಹರಾಲ್ಡನನ್ನು ಮತಕ್ಕಾಗಿ ಮಡಿದ ಸಾಧುವಿನಂತೆಯೂ ಸ್ವೆನ್‌ನನ್ನು ಧರ್ಮದ್ರೋಹಿಯಂತೆಯೂ ಚಿತ್ರಿಸಿದ. ಸ್ವೆನ್‌ನ ಸೊಸೆ ರಾಣಿ ಎಮ್ಮಾಳ ಹೊಗಳಿಕೆಗಾಗಿ 1040ರ ದಶಕದಲ್ಲಿ ರಚಿತವಾದ ಗ್ರಂಥದಲ್ಲಿ ತಪ್ಪು ತಂದೆಯದು. ಮಗನ ಜನಪ್ರಿಯತೆಯನ್ನು ಕಂಡು ಅಸೂಯೆಪಟ್ಟು, ಅವನಿಗೆ ಪಟ್ಟ ತಪ್ಪಿಸಲು ಹೊರಟವನು ಹರಾಲ್ಡ್. ಬರೆದವರು ಯಾರ ಅನ್ನ ಉಂಡರೋ ಅವರ ಪರವಾಗಿ ಲೇಖನಿ ವಾಲಿದೆ. ಎರಡೂ ಒಪ್ಪುವ ಸಂಗತಿ ಒಂದೇ: ಇಡೀ ಡೆನ್ಮಾರ್ಕನ್ನು ಗೆದ್ದೆನೆಂದವನಿಗೆ ಸಾಯುವಾಗ ಡೆನ್ಮಾರ್ಕಿನ ಒಂದಡಿ ನೆಲವೂ ಇರಲಿಲ್ಲ.

ಶವವನ್ನು ತಾಯ್ನಾಡಿಗೆ ತಂದು, ಹರಾಲ್ಡನೇ ರೋಸ್ಕಿಲ್ಡೆಯಲ್ಲಿ ಕಟ್ಟಿಸಿದ್ದ ಚರ್ಚಿನಲ್ಲಿ ಹೂಳಲಾಯಿತೆಂದು ಆಡಂ ಬರೆಯುತ್ತಾನೆ. ಮರದ ಆ ಚರ್ಚು ಎಂದೋ ಅಳಿಯಿತು. ಸಮಾಧಿಯ ಕುರುಹು ಸಿಕ್ಕಿಲ್ಲ. ಸ್ವೆನ್ ಮುಂದೆ 1013ರಲ್ಲಿ ಇಂಗ್ಲೆಂಡನ್ನು ಗೆದ್ದ. ಮೊಮ್ಮಗ ಕ್ನೂಟ್ ಇಂಗ್ಲೆಂಡ್, ಡೆನ್ಮಾರ್ಕ್, ನಾರ್ವೆ ಮೂರನ್ನೂ ಆಳಿದ. ಅಜ್ಜ ಕಂಡ ಕನಸು, ಅಜ್ಜನನ್ನು ಓಡಿಸಿದವನ ಮನೆಯಲ್ಲಿ ಫಲಿಸಿತು.

ಹಲ್ಲಿನ ಹೆಸರು ಬಂದ ಬಗೆ

ಬದುಕಿದ್ದಾಗ ಹರಾಲ್ಡನನ್ನು ನೀಲಿ ಹಲ್ಲಿನವನೆಂದು ಕರೆಯುತ್ತಿದ್ದುದಕ್ಕೆ ಆಧಾರವಿಲ್ಲ. ಅವನ ಶಾಸನದಲ್ಲಿ ಆ ಹೆಸರಿಲ್ಲ, ಆಡಂನ ಗ್ರಂಥದಲ್ಲಿಯೂ ಇಲ್ಲ. ಮೊದಲ ಬಾರಿಗೆ ಅದು ಕಾಣಿಸಿಕೊಳ್ಳುವುದು 1140ರ ಸುಮಾರಿಗೆ ರಚಿತವಾದ ರೋಸ್ಕಿಲ್ಡೆಯ ವೃತ್ತಾಂತದಲ್ಲಿ, ಅಂದರೆ ಅವನು ಸತ್ತು ಒಂದೂವರೆ ಶತಮಾನವಾದ ಮೇಲೆ. ಡೇನಿಷ್ ಭಾಷೆಯಲ್ಲಿ ಬ್ಲೋ ಎಂದರೆ ನೀಲಿ, ಟಾಂಡ್ ಎಂದರೆ ಹಲ್ಲು. ಹಳೆಯ ನಾರ್ಸ್ ಭಾಷೆಯಲ್ಲಿ ನೀಲಿಗೂ ಕಪ್ಪಿಗೂ ಹತ್ತಿರದ ಕಡುಬಣ್ಣಗಳಿಗೆಲ್ಲ ಒಂದೇ ಪದವಿತ್ತು. ಹಾಗಾಗಿ ದೊರೆಯ ಬಾಯಲ್ಲಿ ಜೀವ ಹೋಗಿ ಕಪ್ಪಿಟ್ಟ ಹಲ್ಲೊಂದು ಎದ್ದು ಕಾಣುತ್ತಿದ್ದಿರಬೇಕೆಂಬುದು ಹೆಚ್ಚು ಪ್ರಚಲಿತವಾದ ವಿವರಣೆ. ಹಲ್ಲಿಗೂ ಇದಕ್ಕೂ ಸಂಬಂಧವಿಲ್ಲ, ಕಪ್ಪು ಮೈಬಣ್ಣದ ನಾಯಕ ಎಂಬರ್ಥದ ಪದ ಅಪಭ್ರಂಶವಾಗಿ ಹೀಗಾಯಿತೆಂಬ ವಾದವೂ ಉಂಟು. ಹಣ್ಣು ತಿಂದು ಹಲ್ಲು ನೀಲಿಯಾಯಿತೆಂಬ ಜನಜನಿತ ಕಥೆಗೆ ಮಾತ್ರ ಯಾವ ಹಳೆಯ ಆಧಾರವೂ ಇಲ್ಲ.

ರಾಜನಿಂದ ರೇಡಿಯೋಗೆ

ಇನ್ನು ನಮ್ಮ ಕಾಲಕ್ಕೆ ಬರೋಣ. ಫೋನು ಮತ್ತು ಅದರ ಉಪಕರಣಗಳ ನಡುವಿನ ತಂತಿಯನ್ನು ತೊಡೆದುಹಾಕುವ ಕಿರುದೂರದ ರೇಡಿಯೋ ಸಂಪರ್ಕದ ಕೆಲಸ 1994ರಲ್ಲಿ ಎರಿಕ್ಸನ್ ಕಂಪನಿಯಲ್ಲಿ, ಸ್ವೀಡನ್ನಿನ ಲುಂಡ್ ನಗರದಲ್ಲಿ ಆರಂಭವಾಯಿತು. ಯಾಪ್ ಹಾರ್ಟ್‌ಸನ್ ಮತ್ತು ಸ್ವೆನ್ ಮ್ಯಾಟಿಸನ್ ಅದರಲ್ಲಿ ತೊಡಗಿದ್ದ ಪ್ರಮುಖ ತಂತ್ರಜ್ಞರು. ಲುಂಡ್ ಇರುವುದು ಸ್ಕೋನೆಯಲ್ಲಿ. ಹರಾಲ್ಡ್ ತನ್ನದೆಂದ ಆ ಪ್ರಾಂತ 1658ರಲ್ಲಿ ರೋಸ್ಕಿಲ್ಡೆಯಲ್ಲಿ ಆದ ಒಪ್ಪಂದದ ಮೂಲಕ ಸ್ವೀಡನ್ನಿನ ಪಾಲಾಗಿತ್ತು.

ಇದೇ ಬಗೆಯ ಪ್ರಯತ್ನ ಇಂಟೆಲ್ ಮತ್ತು ನೋಕಿಯಾಗಳಲ್ಲಿಯೂ ಬೇರೆ ಬೇರೆ ಹೆಸರುಗಳಿಂದ ನಡೆದಿತ್ತು. ಒಬ್ಬೊಬ್ಬರ ಉಪಕರಣ ಒಂದೊಂದು ಭಾಷೆ ಆಡಿದರೆ ಯಾರಿಗೂ ಪ್ರಯೋಜನವಿಲ್ಲವೆಂದು ಮನಗಂಡು, ಕಂಪನಿಗಳು ಏಕರೂಪದ ಮಾನದಂಡಕ್ಕಾಗಿ ಕೈಜೋಡಿಸಲು ಮುಂದಾದವು. ಆ ಮಾತುಕತೆಯ ದಿನಗಳಲ್ಲಿ, 1997ರಲ್ಲಿ, ಇಂಟೆಲ್‌ನ ತಂತ್ರಜ್ಞ ಜಿಮ್ ಕಾರ್ಡಾಕ್ ಮತ್ತು ಮ್ಯಾಟಿಸನ್ ಕೆನಡಾದ ಟೊರಾಂಟೊದಲ್ಲಿ ಪಾನಗೃಹವೊಂದರಲ್ಲಿ ಕುಳಿತು ಇತಿಹಾಸದ ಬಗ್ಗೆ ಹರಟಿದರು. ಸ್ವೀಡಿಷ್ ಲೇಖಕ ಫ್ರಾನ್ಸ್ ಬೆಂಗ್ಟ್‌ಸನ್ ಬರೆದ, ವೈಕಿಂಗರ ಕಾಲದ ಪ್ರಸಿದ್ಧ ಕಾದಂಬರಿಯ ಸುದ್ದಿ ತೆಗೆದವರು ಮ್ಯಾಟಿಸನ್. ಆ ಕೃತಿಯಲ್ಲಿ ಹರಾಲ್ಡ್ ಒಂದು ಪಾತ್ರ. ಊರಿಗೆ ಮರಳಿದ ಕಾರ್ಡಾಕ್ ವೈಕಿಂಗರ ಇತಿಹಾಸವನ್ನು ಓದುವಾಗ ಯೆಲ್ಲಿಂಗ್‌ನ ಕಲ್ಲು ಕಣ್ಣಿಗೆ ಬಿತ್ತು. ನಾಡುಗಳನ್ನು ಕೂಡಿಸಿದ ದೊರೆಯ ಹೆಸರು, ಕಂಪ್ಯೂಟರ್ ಮತ್ತು ಫೋನ್ ಉದ್ಯಮಗಳನ್ನು ಕೂಡಿಸುವ ಯೋಜನೆಗೆ ಒಪ್ಪುತ್ತದೆಂದು ಅವರಿಗೆ ಅನ್ನಿಸಿತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಲ್ಯಾಪ್‌ಟಾಪ್ ಹಿಡಿದ ಹರಾಲ್ಡನ ತಮಾಷೆಯ ಶಿಲಾಚಿತ್ರವೊಂದನ್ನೂ ಅವರು ಸಿದ್ಧಪಡಿಸಿದರು.

ಬ್ಲೂಟೂತ್ ಎಂಬುದು ಆಗ ತಾತ್ಕಾಲಿಕ ಹೆಸರಷ್ಟೇ. ಶಾಶ್ವತ ಹೆಸರಿಗೆ ಪ್ಯಾನ್ ಮತ್ತು ರೇಡಿಯೋವೈರ್ ಎಂಬೆರಡು ಸೂಚನೆಗಳಿದ್ದವು. ಪ್ಯಾನ್ ಎಂಬುದು ಅದಾಗಲೇ ಅಂತರ್ಜಾಲದಲ್ಲಿ ಸಾವಿರಾರು ಕಡೆ ಬಳಕೆಯಲ್ಲಿದ್ದ ಪದವಾದ್ದರಿಂದ ವಾಣಿಜ್ಯ ಗುರುತಾಗಿ ಉಳಿಯುವಂತಿರಲಿಲ್ಲ. ರೇಡಿಯೋವೈರ್ ಬಗೆಗಿನ ಕಾನೂನು ಪರಿಶೀಲನೆಯನ್ನು ಸಕಾಲದಲ್ಲಿ ಮುಗಿಸಲಾಗಲಿಲ್ಲ. ಎರಿಕ್ಸನ್, ಇಂಟೆಲ್, ನೋಕಿಯಾ, ಐಬಿಎಂ, ತೋಶಿಬಾ ಐದೂ ಸೇರಿದ ಕೂಟವನ್ನು 1998ರ ಮೇ ತಿಂಗಳಲ್ಲಿ ಘೋಷಿಸುವ ಹೊತ್ತಿಗೆ ಕೈಯಲ್ಲಿ ಉಳಿದಿದ್ದ ಹೆಸರು ಬ್ಲೂಟೂತ್ ಒಂದೇ. ಅದು ಜನರ ಬಾಯಿಗೆ ಹತ್ತಿತು. ಮತ್ತೆ ಬದಲಿಸುವ ಪ್ರಮೇಯವೇ ಬರಲಿಲ್ಲ.

ಉಳಿದದ್ದು ಏನು?

ಹರಾಲ್ಡ್ ಉಳಿಯಲೆಂದು ಕಟ್ಟಿದ ಕೋಟೆ, ಸೇತುವೆಗಳು ಅವನ ನಂತರ ಬಹುಕಾಲ ನಿಲ್ಲಲಿಲ್ಲ. ನಾರ್ವೆ ಅವನ ಕಣ್ಣೆದುರಿಗೇ ಕೈಜಾರಿತು. ಆದರೂ ಅವನನ್ನು ಸೋತವನೆಂದು ತಳ್ಳಿಹಾಕುವಂತಿಲ್ಲ. ಅವನನ್ನು ಹೊರದೂಡಿದ ಮಗ ಸಿಂಹಾಸನ ಏರಿದನೇ ಹೊರತು ರಾಜ್ಯವನ್ನು ಮತ್ತೆ ಚೂರು ಮಾಡಲಿಲ್ಲ. ಹೊಸ ಮತವನ್ನು ಅಳಿಸಲೂ ಇಲ್ಲ. ಕೂಡಿಸಿದವನು ಹೋದ ಮೇಲೂ ಕೂಡಿಕೆ ಉಳಿಯಿತು. ಡೆನ್ಮಾರ್ಕ್ ಇಂದಿಗೂ ಒಂದು ದೇಶ, ಇಂದಿಗೂ ಅರಸೊತ್ತಿಗೆ.

ಫೋನಿನ ಪರದೆಯ ಚಿಹ್ನೆಯೂ ಎರಡು ರೂನ್ ಅಕ್ಷರಗಳ ಕೂಡಿಕೆ. ಹರಾಲ್ಡ್ ಎಂಬುದರ ಮೊದಲಕ್ಷರ ಹಾಗಲ್, ಬ್ಲೂಟೂತ್‌ನ ಮೊದಲಕ್ಷರ ಬ್ಯರ್ಕನ್. ಮೊದಲನೆಯದು ದೊರೆ ತಾನಾಗಿ ಕಲ್ಲಿನಲ್ಲಿ ಕೆತ್ತಿಸಿದ ಹೆಸರಿನದು. ಎರಡನೆಯದು ಅವನು ಸತ್ತ ಎಷ್ಟೋ ಕಾಲದ ಮೇಲೆ ಜನ ಕೊಟ್ಟ ಹೆಸರಿನದು. ಹತ್ತು ಟನ್ನಿನ ಬಂಡೆಯನ್ನು ನೋಡಬೇಕಾದರೆ ಯೆಲ್ಲಿಂಗ್‌ಗೆ ಹೋಗಬೇಕು. ಆ ಅಡ್ಡಹೆಸರು ಎಲ್ಲರ ಜೇಬಿನಲ್ಲಿದೆ.